ಎಂಜಿನ್ ಮೇಲಿನ ವಿಭೂತಿ ಅಳಿಸಿದವರು ಯಾರು

ನನ್ನ ಲಾರಿಯ ಎಂಜಿನ್‌ನಿಂದ ಆಯಿಲ್ ಕಾಣೆಯಾಗತೊಡಗಿದ್ದು ತುರ್ತು ಪರಿಸ್ಥಿತಿ ಮುಗಿದ ಮರುವರ್ಷ, ಯುಗಾದಿ ಕಳೆದ ಮೇಲೆ. ಮುನೇಶ್ವರನನ್ನು ನಂಬಿದ ನೀವೆಲ್ಲ ಮುಂದೆ ಓದುವ ಮೊದಲು ನನ್ನ ಸ್ವಭಾವವನ್ನು ಹೇಳಿಬಿಡುತ್ತೇನೆ. ನಾನು ಅನುಮಾನದ ಪ್ರಾಣಿ. ಹಾಲಿನವಳು ಅಳೆದು ಹಾಕಿದ ಹಾಲನ್ನು ಅವಳೆದುರಿಗೇ ಇನ್ನೊಮ್ಮೆ ಅಳೆಯುವವನು. ದೇವಸ್ಥಾನದಲ್ಲಿ ಒಡೆಸಿದ ತೆಂಗಿನಕಾಯಿ ವಾಪಸ್ ಬಂದರೆ, ಅದು ನನ್ನ ಕಾಯಿಯೇ ಹೌದೋ ಅಲ್ಲವೋ ಎಂದು ಎರಡು ಹೋಳನ್ನೂ ಜೋಡಿಸಿ ನೋಡುವವನು. "ಇವ್ರು ಸ್ವರ್ಗಕ್ಕೆ ಹೋದ್ರೂ ಬಾಗಿಲಲ್ಲೇ ನಿಂತ್ಕೊಂಡು, ಇದು ಅಸಲಿ ಸ್ವರ್ಗಾನಾ ಅಂತ ಕೇಳ್ತಾರೆ" ಎಂದು ನನ್ನ ಹೆಂಡತಿ ಗೌರಮ್ಮ ವಿಜಯನಗರದ ನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಲಾರಿ ಹೊಸದು. ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮೇಲೆ ಸಿಕ್ಕಿದ್ದು. ರಾಜಾಜಿನಗರದ ಕಾರ್ಖಾನೆಗಳ ಮಾಲನ್ನು ಹುಬ್ಬಳ್ಳಿಗೆ ಒಯ್ಯುತ್ತಿತ್ತು, ಅಲ್ಲಿಂದ ಹತ್ತಿ ತರುತ್ತಿತ್ತು. ಅದು ಓಡಿದರೆ ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಡ್ರೈವರ್ ರಂಗಪ್ಪ ಶ್ರೀಗಂಧದ ಕಾವಲು ಎಂಬ ಊರಿನವನು, ನನ್ನ ಹಳೆಯ ಲಾರಿಯ ಕಾಲದಿಂದ ಒಂಬತ್ತು ವರ್ಷ ನನ್ನ ಹತ್ತಿರವೇ ಇದ್ದವನು. ಮಾತು ಕಡಿಮೆ. ಮಾತು ಕಡಿಮೆ ಇದ್ದವರ ಮೇಲೆ ನನಗೆ ಮೊದಲಿನಿಂದಲೂ ಒಂದು ಕಣ್ಣು.

ಹುಬ್ಬಳ್ಳಿಗೆ ಹೋಗಿ ಬರುವಷ್ಟರಲ್ಲಿ ಆಯಿಲ್ ಅರ್ಧಕ್ಕೆ ಇಳಿದಿರುತ್ತಿತ್ತು. ಲಾರಿ ನಿಂತ ಜಾಗದಲ್ಲಿ ಒಂದು ತೊಟ್ಟೂ ಬಿದ್ದಿರುತ್ತಿರಲಿಲ್ಲ, ನಾನೇ ನೆಲಕ್ಕೆ ಕಾಗದ ಹಾಸಿ ನೋಡಿದ್ದೇನೆ. ಮೆಕ್ಯಾನಿಕ್‌ಗೆ ತೋರಿಸಿದರೆ, ತಣ್ಣಗಿದ್ದ ಎಂಜಿನ್ ಮೇಲೆ ಟಾರ್ಚ್ ಬಿಟ್ಟು, "ಏನೂ ಇಲ್ಲ ಸಾರ್, ಹೊಸಾ ಗಾಡಿ" ಎಂದ. ಹಾಗಾದರೆ ಆಯಿಲ್ ಎಲ್ಲಿಗೆ ಹೋಯಿತು? ದಾರಿಯಲ್ಲಿ ಯಾರೋ ತೆಗೆದು ಮಾರುತ್ತಿದ್ದಾರೆ. ದಾರಿಯಲ್ಲಿ ಇರುವವನು ಯಾರು? ರಂಗಪ್ಪ. ನನ್ನ ಲೆಕ್ಕಾಚಾರ ಅಷ್ಟು ಸಲೀಸಾಗಿ ಮುಗಿದುಹೋಯಿತು.

ಬಾನೆಟ್ಟಿಗೆ ಬೀಗ ಹಾಕಿಸಿದೆ. ಬೀಗದ ಕೈ ನನ್ನ ಉಡಿದಾರದಲ್ಲಿ. ದಾರಿಯಲ್ಲಿ ಸುರಿಯಲು ರಂಗಪ್ಪನಿಗೆ ಒಂದು ಡಬ್ಬ ಆಯಿಲ್ ಸಹ ಕೊಡಲಿಲ್ಲ. ಹೋಗುವ ಮೊದಲು ಭರ್ತಿ ಮಾಡಿ, ಮುಚ್ಚಳಕ್ಕೆ ಅರಗಿನ ಮುದ್ರೆ ಒತ್ತಿ ಕಳಿಸುತ್ತಿದ್ದೆ. ವಾಪಸ್ ಬಂದಾಗ ಮುದ್ರೆ ಹಾಗೇ ಇರುತ್ತಿತ್ತು, ಬೀಗ ಹಾಗೇ ಇರುತ್ತಿತ್ತು, ಆಯಿಲ್ ಮಾತ್ರ ಇರುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಡ್ರೈವರ್ ನಿರಪರಾಧಿ ಎಂದುಕೊಳ್ಳುತ್ತಿದ್ದರು. ನಾನು, ಇವನು ಕಳ್ಳ ಕೀಲಿಯ ಜೊತೆಗೆ ಕಳ್ಳ ಮುದ್ರೆಯನ್ನೂ ಮಾಡಿಸಿದ್ದಾನಲ್ಲ, ಎಂಥ ಖದೀಮ ಎಂದುಕೊಂಡೆ.

ಇನ್ನೊಂದು ಸಂಗತಿ ನನ್ನ ಅನುಮಾನಕ್ಕೆ ತುಪ್ಪ ಸುರಿಯಿತು. ಪ್ರತಿ ಶುಕ್ರವಾರ ಬೆಳಿಗ್ಗೆ ಎಂಜಿನ್‌ನ ಪಕ್ಕದ ಮೈಗೆ ಮೂರು ಗೆರೆ ವಿಭೂತಿ ಎಳೆದು ಕುಂಕುಮ ಇಡುವುದು ನಮ್ಮ ಪದ್ಧತಿ. ಆಯುಧಪೂಜೆಯ ದಿನ ಹಚ್ಚಿದ್ದನ್ನು ಒರೆಸುವುದಿಲ್ಲ, ಅದರ ಮೇಲೇ ಹಚ್ಚುತ್ತ ಹೋಗುತ್ತೇವೆ. ವಾರಗಳು ಕಳೆದಂತೆ ಅಲ್ಲಿ ರೊಟ್ಟಿಯಷ್ಟು ದಪ್ಪ ಪದರ ಕಟ್ಟಿತ್ತು. ಲಾರಿ ವಾಪಸ್ ಬಂದಾಗ ಮೇಲಿನ ಗೆರೆ ಇರುತ್ತಿತ್ತು, ಕೆಳಗಿನದು ಇರುತ್ತಿತ್ತು, ನಡುವಿನದು ಮಾತ್ರ ಅಳಿಸಿಹೋಗಿರುತ್ತಿತ್ತು. ದೇವರ ವಿಭೂತಿಗೆ ಕೈ ಹಾಕುವವನು ಆಯಿಲ್‌ಗೆ ಬಿಡುತ್ತಾನೆಯೇ?

ಮಾಗಡಿ ರಸ್ತೆಯ ಲಾರಿ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತ ನಾಲ್ಕು ಜನರ ಮುಂದೆ ಇದನ್ನು ಹೇಳಿಬಿಟ್ಟೆ. ಹೇಳಬಾರದಿತ್ತು. ಆ ನಾಲ್ವರಲ್ಲಿ ಒಬ್ಬ ಲಗ್ಗೆರೆಯ ಹಮಾಲಿ. ಅವನ ಅಕ್ಕನ ಮಗನಿಗೇ ರಂಗಪ್ಪನ ಮಗಳನ್ನು ಗೊತ್ತು ಮಾಡಿದ್ದರು. ವಾರ ತುಂಬುವುದರೊಳಗೆ ಗಂಡಿನ ಕಡೆಯಿಂದ ಮಾತು ಬಂತು, ಕಳ್ಳನ ಮನೆಯ ಹೆಣ್ಣು ನಮಗೆ ಬೇಡ ಎಂದು.

ಇದೇ ಹೊತ್ತಿಗೆ ಲಾರಿ ಕಂಪನಿಯಿಂದ ರಿಜಿಸ್ಟರ್ಡ್ ಪತ್ರ ಬಂತು. ಇಂಗ್ಲಿಷಿನಲ್ಲಿತ್ತು. ಪಕ್ಕದ ಮನೆಯ ಹೈಸ್ಕೂಲ್ ಮೇಷ್ಟ್ರು ಓದಿ ಹೇಳಿದರು: "ನೋಡಿ ರುದ್ರಪ್ಪನವ್ರೇ, ಕೆಲವು ಎಂಜಿನ್ ಎರಕ ಹೊಯ್ಯೋವಾಗ್ಲೇ ದೋಷ ಆಗಿದ್ಯಂತೆ. ಈ ನಂಬರಿಂದ ಈ ನಂಬರ್‌ವರೆಗೆ ಇರೋ ಗಾಡಿಗಳನ್ನ ವರ್ಕ್‌ಶಾಪಿಗೆ ತನ್ನಿ, ಪುಕ್ಕಟೆಯಾಗಿ ಬದಲಾಯಿಸಿ ಕೊಡ್ತೀವಿ ಅಂತ ಬರ್ದಿದಾರೆ."

"ಪುಕ್ಕಟೆಯಾಗಿ?" ಎಂದೆ.

"ಹೌದು, ಪುಕ್ಕಟೆ."

ನನ್ನ ಮೈಯೆಲ್ಲ ಕಿವಿಯಾಯಿತು. ಪುಕ್ಕಟೆ ಕೊಡಲು ಅವರೇನು ನನ್ನ ಮಾವನೇ? ಸ್ಟ್ಯಾಂಡಿನಲ್ಲೂ ಪತ್ರ ಬಂದ ಮಾಲೀಕರು ಇಬ್ಬರಿದ್ದರು. ಒಳ್ಳೆಯ ಎಂಜಿನ್ ಇಳಿಸಿಕೊಂಡು ಗುಜರಿಯದನ್ನು ಬಣ್ಣ ಹೊಡೆದು ಕೂರಿಸುತ್ತಾರೆ ಎಂದು ಮೂವರೂ ಒಂದೇ ಬಾಯಲ್ಲಿ ತೀರ್ಮಾನಿಸಿದೆವು. ರಂಗಪ್ಪ ಮಾತ್ರ, "ಒಂದ್ಸಲ ತೋರ್ಸಣ ಯಜಮಾನ್ರೇ, ತೋರ್ಸಿದ್ರೆ ಏನು ಹೋಗ್ತದೆ?" ಎಂದ. ಅಷ್ಟು ಸಾಕಾಯಿತು. ವರ್ಕ್‌ಶಾಪಿನವರೂ ಇವನೂ ಒಂದಾಗಿದ್ದಾರೆ ಎಂದು ಗಂಟು ಹಾಕಿಕೊಂಡೆ.

ಮೇಷ್ಟ್ರು ಬಿಡಲಿಲ್ಲ. "ನಿಮ್ ಎಂಜಿನ್ ಮೇಲೆ ನಂಬರ್ ಕೊರೆದಿರ್ತಾರೆ, ಅದನ್ನಾದ್ರೂ ನೋಡಿ" ಎಂದು ಪತ್ರದ ಎರಡು ನಂಬರುಗಳನ್ನು ಚೀಟಿಯಲ್ಲಿ ಬರೆದುಕೊಟ್ಟರು. ನೋಡಿದರೆ, ನಂಬರ್ ಇರಬೇಕಾದ ಜಾಗ ಸರಿಯಾಗಿ ಆ ವಿಭೂತಿ ಕುಂಕುಮದ ಪದರದ ಕೆಳಗಿತ್ತು. ಕೆರೆಯಲು ಚಾಕು ಎತ್ತಿಕೊಂಡೆ. ಗೌರಮ್ಮ ಹಿಂದಿನಿಂದ, "ದೇವರಿಗೆ ಹಚ್ಚಿದ್ದನ್ನ ಕೆರೀತೀರಾ? ಬುದ್ಧಿ ನೆಟ್ಟಗಿದ್ಯಾ?" ಎಂದಳು. ಚಾಕು ಕೆಳಗಿಟ್ಟೆ, ಚೀಟಿಯನ್ನು ಜೇಬಿಗೆ ಹಾಕಿಕೊಂಡೆ. ರಿಜಿಸ್ಟ್ರೇಷನ್ ಪುಸ್ತಕದಲ್ಲಿಯೂ ನಂಬರ್ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಆ ಪುಸ್ತಕ ಬರೆದ ಗುಮಾಸ್ತನನ್ನು ನಾನು ನಂಬಿರಲಿಲ್ಲ.

ಭೀಮನ ಅಮಾವಾಸ್ಯೆಯ ಹಿಂದಿನ ದಿನ ರಂಗಪ್ಪ ಮನೆಗೆ ಬಂದ. ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ನಿಂತ. ಮುಖ ಬಾಡಿತ್ತು.

"ಯಜಮಾನ್ರೇ, ನನ್ ಮಗಳು ಊಟ ಬಿಟ್ಟು ಕೂತವ್ಳೆ. ನಾಳೆ ಮುನೇಶ್ವರನ ಮುಂದೆ ಕರ್ಪೂರ ಹಚ್ಚಿ. ಅಂಗೈಯಿಂದ ಆರಿಸಿ ಆಣೆ ಮಾಡ್ತೀನಿ, ನಾನು ಒಂದ್ ತೊಟ್ಟು ಮುಟ್ಟಿಲ್ಲ ಅಂತ. ಆಮೇಲೆ ನಿಮ್ ಕೆಲ್ಸಾನೂ ಬೇಡ."

ನಿಮಗೆಲ್ಲ ಗೊತ್ತಿರುವಂತೆ, ನಮ್ಮ ಕಡೆ ಮುನೇಶ್ವರನೆದುರು ಉರಿಯುವ ಕರ್ಪೂರ ಆರಿಸಿ ಸುಳ್ಳಾಣೆ ಮಾಡುವ ಎದೆ ಯಾರಿಗೂ ಇಲ್ಲ. ಆದರೂ ನಾನು, ಇಷ್ಟು ಧೈರ್ಯವಾಗಿ ಕೇಳುತ್ತಿದ್ದಾನೆಂದರೆ ಇದರಲ್ಲೂ ಏನೋ ಇದೆ ಎಂದುಕೊಂಡೆ. ಕರ್ಪೂರವನ್ನು ನಾನೇ ಬೇರೆ ಅಂಗಡಿಯಿಂದ ತಂದೆ. ಮರುದಿನ ಬೆಳಿಗ್ಗೆ ಗೌರಮ್ಮ ನನ್ನ ಪಾದಪೂಜೆ ಮಾಡಿ ಎದ್ದವಳು, "ನಿಮ್ ಕಾಲಿಗೆ ಬಿದ್ದಿದ್ದೀನಿ. ಆ ಬಡವನ ಹೊಟ್ಟೆ ಉರಿಸ್ಬೇಡಿ" ಎಂದಳು. ನಾನು ಕರ್ಪೂರದ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡೆ. ಅವಳ ಮೇಲೂ ಒಂದು ಕ್ಷಣ ಅನುಮಾನ ಬಂತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಗುಡಿ ಮಾಗಡಿ ರಸ್ತೆಯಲ್ಲಿ, ಅರಳಿಮರದ ಬುಡದಲ್ಲಿ. ಹುಬ್ಬಳ್ಳಿಗೆ ಹೋಗುವ ಮಾಲು ತುಂಬಿದ ಲಾರಿಯನ್ನು ರಂಗಪ್ಪ ಗುಡಿಯೆದುರು ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ. ಕೇಳಿದರೆ, "ಬೆಳಿಗ್ಗೆಯಿಂದ ಸೆಲ್ಫ್ ಹೊಡೀತಿಲ್ಲ. ಆಫ್ ಮಾಡಿದ್ರೆ ತಳ್ಳಬೇಕಾಯ್ತದೆ, ಲೋಡ್ ಅದೆ" ಎಂದ. ಓಡಿಹೋಗಲು ಸಿದ್ಧವಾಗಿ ಬಂದಿದ್ದಾನೆ ಎಂದು ನಾನು ಬಾಗಿಲಿನ ಪಕ್ಕದಲ್ಲೇ ನಿಂತೆ. ಅಲ್ಲಿಯವರೆಗೆ ನಾವು ಒಮ್ಮೆಯೂ ಚಾಲೂ ಇರುವ, ಕಾದ ಎಂಜಿನ್‌ಗೆ ಪೂಜೆ ಮಾಡಿರಲಿಲ್ಲ. ಯಾವಾಗಲೂ ಬೆಳಿಗ್ಗೆ, ಗಾಡಿ ತಣ್ಣಗಿರುವಾಗಲೇ.

ಪೂಜಾರಿ ಮೊದಲು ಗಾಡಿಗೆ ಪೂಜೆ ಆಗಲಿ ಎಂದ. ಉಡಿದಾರದಿಂದ ಬೀಗದ ಕೈ ಬಿಚ್ಚಿ ಬಾನೆಟ್ ಎತ್ತಿದೆ. ಈ ಸಲ ವಿಭೂತಿಯನ್ನು ನಾನೇ ನೀರಲ್ಲಿ ಕಲಸಿ, ನಾನೇ ಮೂರು ಗೆರೆ ಎಳೆದೆ. ಮನಸ್ಸಿನಲ್ಲಿ, "ಸ್ವಾಮಿ, ಕಳ್ಳನನ್ನು ನನ್ನ ಕಣ್ಣೆದುರಿಗೆ ನಿಲ್ಲಿಸು. ಇನ್ನು ನನ್ನ ಕೈಲಾಗುವುದಿಲ್ಲ" ಎಂದು ಬೇಡಿಕೊಂಡೆ. ನನಗೆ ನಿಜವಾಗಿಯೂ ಸುಸ್ತಾಗಿತ್ತು. ಅನುಮಾನ ಪಡುವುದೂ ಒಂದು ಕೂಲಿ ಕೆಲಸವೇ.

ಪೂಜಾರಿ ಕರ್ಪೂರ ಹಚ್ಚಿದ. ರಂಗಪ್ಪ ಎರಡೂ ಕೈ ಮುಂದೆ ಚಾಚಿದ.

"ತಡಿ ರಂಗಪ್ಪ," ಎಂದ ಪೂಜಾರಿ. ಅವನ ಕಣ್ಣು ಎಂಜಿನ್ ಮೇಲಿತ್ತು. "ರುದ್ರಪ್ಪಾರೇ, ಅಲ್ನೋಡಿ."

ನಡುವಿನ ಗೆರೆ ಕಪ್ಪಾಗುತ್ತಿತ್ತು. ಯಾರೂ ಮುಟ್ಟದೆ, ನಮ್ಮೆಲ್ಲರ ಕಣ್ಣೆದುರಿಗೇ, ಬಿಳಿಯ ವಿಭೂತಿಯ ನಡುವೆ ಒಂದು ಕಪ್ಪು ಎಳೆ ಮೂಡಿ, ಒಂದು ಹನಿ ಜಾರಿತು. ನಾನು ಅದನ್ನು ಒರೆಸಿ ಇನ್ನೊಮ್ಮೆ ಎಳೆದೆ. ಮತ್ತೆ ಕಪ್ಪಾಯಿತು. ಮೂರನೆಯ ಸಲವೂ ಎಳೆದೆ. ರಂಗಪ್ಪನ ಕೈ ಎರಡೂ ಕರ್ಪೂರದ ಮುಂದೆಯೇ ಇದ್ದವು. ಪಾಪಿ ನಾನು, ಅದನ್ನೂ ತಿರುಗಿ ನೋಡಿ ಖಾತ್ರಿ ಮಾಡಿಕೊಂಡೆ.

"ಕೆರೀರಿ," ಎಂದ ಪೂಜಾರಿ. "ದೇವ್ರಿಗೆ ಹಚ್ಚಿದ್ದನ್ನ ಕೆರೀಬಾರ್ದು ಅಂತ ಮನೇಲಿ ಹೇಳವ್ರೆ," ಎಂದೆ. "ದೇವ್ರೇ ಕೆರೀತಾ ಅವ್ನೆ, ನೀವ್ ಯಾಕೆ ತಡೀತೀರಿ?" ಎಂದ.

ತೆಂಗಿನ ಚಿಪ್ಪಿನಿಂದ ಕೆರೆದೆ. ಪದರ ಹಪ್ಪಳದಂತೆ ಕಳಚಿ ಬಿತ್ತು. ಅದರ ಕೆಳಗೆ ಎಂಜಿನ್ ಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು. ಎಂಜಿನ್ ಕಾದಾಗ ಬಾಯಿ ಬಿಡುತ್ತಿತ್ತು, ತಣ್ಣಗಾದಾಗ ಮುಚ್ಚಿಕೊಳ್ಳುತ್ತಿತ್ತು. ಆಯಿಲ್ ಹುಬ್ಬಳ್ಳಿಯ ರಸ್ತೆಯುದ್ದಕ್ಕೂ ಸೋರಿಹೋಗುತ್ತಿತ್ತು. ಬಿರುಕಿನ ಮೇಲ್ಗಡೆ ನಂಬರ್ ಇತ್ತು. ಜೇಬಿನಿಂದ ಮೇಷ್ಟ್ರ ಚೀಟಿ ತೆಗೆದು ಒಂದೊಂದೇ ಅಂಕಿ ಹೋಲಿಸಿದೆ. ಕಂಪನಿ ಹೇಳಿದ ಎರಡು ನಂಬರುಗಳ ನಡುವೆಯೇ ನನ್ನದು ಕೂತಿತ್ತು. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

"ಸಾಕು ಬಿಡು ರಂಗಪ್ಪ, ಆಣೆ ಬೇಡ," ಎಂದೆ.

ಅವನು ಕೇಳಲಿಲ್ಲ. "ಬಂದಿರೋದೇ ಅದಕ್ಕೆ" ಎಂದು ಅಂಗೈಯಿಂದ ಕರ್ಪೂರ ಆರಿಸಿದ. ಮತ್ತೆ ನನ್ನ ಕಡೆ ತಿರುಗಿ, "ನಂದು ಆಯ್ತು. ಲಗ್ಗೆರೆಯವ್ರಿಗೆ ಯಾರು ಹೇಳ್ತಾರೆ?" ಎಂದ.

ಮಾಲನ್ನು ಬೇರೆ ಲಾರಿಗೆ ಹಾಕಿ ನಮ್ಮದನ್ನು ಮೈಸೂರು ರಸ್ತೆಯ ವರ್ಕ್‌ಶಾಪಿಗೆ ಮೆಲ್ಲಗೆ ಒಯ್ದೆವು. ಎಂಟು ದಿನ ನಾನು ಅಲ್ಲೇ ಸ್ಟೂಲ್ ಹಾಕಿಕೊಂಡು ಕಾವಲು ಕೂತೆ. ವಿಜಯನಗರದಿಂದ ಬಸ್ಸು ಬದಲಿಸಿ ಗೌರಮ್ಮ ಬುತ್ತಿ ತರುತ್ತಿದ್ದಳು. ಇಳಿಸಿದ ಎಂಜಿನ್‌ಗೆ ಗುಟ್ಟಾಗಿ ಒಂದು ಗೀರು ಹಾಕಿದ್ದೆ, ಅದನ್ನೇ ತಿರುಗಿ ಕೂರಿಸಿದರೆ ಗೊತ್ತಾಗಲಿ ಎಂದು. ಕೂರಿಸಿದ್ದು ಹೊಸದೇ. ಅಲ್ಲಿನ ಎಂಜಿನಿಯರ್ ಹಳೆಯದರ ಮೇಲೆ ಸೀಮೆಎಣ್ಣೆ ಸವರಿ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ ತೋರಿಸಿದ. ಸುಣ್ಣದಲ್ಲಿ ಅದೇ ಕಪ್ಪು ಎಳೆ ಎದ್ದಿತು.

"ಬಿರುಕು ಹುಡ್ಕೋಕೆ ನಾವು ಮಾಡೋದೇ ಹೀಗೆ," ಎಂದ. "ನಿಮಗೆ ಯಾರು ಹೇಳ್ಕೊಟ್ರು? ಇನ್ನೊಂದು ಟ್ರಿಪ್ ಹೋಗಿದ್ರೆ ಎಂಜಿನ್ ಹಿಡ್ಕೊಂಡು, ಲೋಡ್ ಸಮೇತ ರೋಡಲ್ಲೇ ನಿಂತ್ಬಿಡೋದು."

ಯಾರು ಹೇಳಿಕೊಟ್ಟರೆಂದು ನಾನು ಅವನಿಗೆ ಹೇಳಿದೆ. ಅವನು ನಕ್ಕ. ನಗಲಿ. ವಿಭೂತಿ ಎಣ್ಣೆ ಹೀರುತ್ತದೆ ಎಂಬುದು ನನಗೂ ಅರ್ಥವಾಗುತ್ತದೆ. ಆದರೆ ಅದೇ ದಿನ, ಅದೇ ಬೆಳಿಗ್ಗೆ ಸೆಲ್ಫ್ ಕೆಡಿಸಿ, ಎಂಜಿನ್ ಆರದಂತೆ ನೋಡಿಕೊಂಡವನು ಯಾರು? ಎಲ್ಲರನ್ನೂ ಅನುಮಾನಿಸಿದ ಮೇಲೆ ಉಳಿದವನು ಮುನೇಶ್ವರನೊಬ್ಬನೇ.

ಲಾರಿ ಬಂದ ಮರುದಿನ ಲಗ್ಗೆರೆಗೆ ಹೋದೆ. ಗಂಡಿನ ತಂದೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ ಮಾಡುವವರು, ಗಟ್ಟಿ ಆಸಾಮಿ. ಪತ್ರ ತೋರಿಸಿದೆ, ವರ್ಕ್‌ಶಾಪಿನ ಚೀಟಿ ತೋರಿಸಿದೆ, ತಪ್ಪು ನನ್ನದು ಎಂದೆ. ಅವರು ಕಾಗದಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು.

"ಅಲ್ಲ ಸ್ವಾಮಿ, ಅವತ್ತು ಕಳ್ಳ ಅಂದೋರೂ ನೀವೇ, ಇವತ್ತು ಅಲ್ಲ ಅನ್ನೋರೂ ನೀವೇ. ಡ್ರೈವರ್ ಮಗಳ ಮದ್ವೆಗೆ ಓನರ್ ಯಾಕೆ ಖುದ್ದು ಬರ್ತಾರೆ? ನಿಮ್ಗೆ ಇದ್ರಲ್ಲಿ ಏನು ಸಿಗ್ತದೆ?"

ನಾನು ನಿಜ ಹೇಳುತ್ತಿದ್ದೇನೆ, ಅವರು ನಂಬುತ್ತಿಲ್ಲ. ಒಂಬತ್ತು ವರ್ಷ ನನ್ನ ಹತ್ತಿರ ದುಡಿದ ರಂಗಪ್ಪ ಈ ನಾಲ್ಕು ತಿಂಗಳು ಹೇಗೆ ಬದುಕಿದ್ದನೆಂದು ಆ ಜಗಲಿಯ ಮೇಲೆ ನನಗೆ ಗೊತ್ತಾಯಿತು. ಅಳು ಬಂತು.

"ಕರ್ಪೂರ ಇದ್ಯಾ ಮನೇಲಿ?" ಎಂದೆ.

ಒಳಗಿಂದ ತಂದರು. ನಾನು ತರಲಿಲ್ಲ, ಅಸಲಿಯೋ ನಕಲಿಯೋ ಎಂದು ಮೂಸಲೂ ಇಲ್ಲ. ಹಚ್ಚಿಸಿ, ಮುನೇಶ್ವರನ ಹೆಸರು ಹೇಳಿ, "ರಂಗಪ್ಪ ಕದ್ದಿಲ್ಲ. ಅವನ ಮಾನ ಕದ್ದೋನು ನಾನು" ಎಂದು ಅಂಗೈ ಒತ್ತಿದೆ. ಚುರ್ ಎಂದಿತು. ಗಂಡಿನ ತಾಯಿ ನೀರು ತಂದು ನನ್ನ ಕೈಮೇಲೆ ಸುರಿದರು.

ಕಾರ್ತಿಕದಲ್ಲಿ ಮದುವೆಯಾಯಿತು. ಬಾನೆಟ್ಟಿನ ಬೀಗವನ್ನು ಗುಡಿಯ ಕಿಟಕಿಗೆ ಸಿಕ್ಕಿಸಿ, ಕೀಲಿಯನ್ನು ರಂಗಪ್ಪನ ಕೈಗೆ ಕೊಟ್ಟೆ. ಹಾಲನ್ನು ಈಗಲೂ ಅಳೆಯುತ್ತೇನೆ, ಸುಳ್ಳು ಹೇಳುವುದಿಲ್ಲ. ಆದರೆ ಪ್ರತಿ ಅಮಾವಾಸ್ಯೆ ಗುಡಿಗೆ ಹೋದಾಗ ಆ ಬೀಗದ ತುಕ್ಕು ನೋಡಿ ಕೈ ಮುಗಿಯುತ್ತೇನೆ. ಕಳ್ಳನನ್ನು ಕಣ್ಣೆದುರಿಗೆ ನಿಲ್ಲಿಸು ಎಂದು ಕೇಳಿದ್ದೆ, ನನ್ನಪ್ಪ ಮುನೇಶ್ವರ ನಿಲ್ಲಿಸಿದ. ಅಂಗೈಯಲ್ಲಿ ಸುಟ್ಟ ಗುರುತು ಇನ್ನೂ ಇದೆ. ಕೈ ಮುಗಿಯುವಾಗ ಎರಡು ಅಂಗೈಯ ನಡುವೆ ಅದು ತಾಗುತ್ತದೆ.