ಎಡಗಡೆಯ ಬ್ರೇಕು

ನಿನ್ನೆ ಬೆಳಿಗ್ಗೆ ಕೆಳದಿ ರಸ್ತೆಯಲ್ಲಿ ನಮ್ಮ ಕಾರಿನೊಳಗೆ ಕ್ಲಚ್ ಸುಟ್ಟ ವಾಸನೆ ತುಂಬಿಕೊಂಡಿತು. ಓಡಿಸುತ್ತಿದ್ದವನು ನನ್ನ ಹೆಂಡತಿಯ ತಮ್ಮ, ಈಗಷ್ಟೇ ಕಲಿಯುತ್ತಿದ್ದಾನೆ. ಅವನು ಗಾಬರಿಯಿಂದ ಕಿಟಕಿ ಇಳಿಸಿದ. ನಾನು ಮಾತ್ರ ಉಸಿರನ್ನು ಇನ್ನಷ್ಟು ಎಳೆದುಕೊಂಡೆ. ಅಂಥ ಕೆಟ್ಟ ವಾಸನೆ ಇಷ್ಟ ಎಂದರೆ ಯಾರಾದರೂ ನಕ್ಕಾರು... ನನಗೆ ಅದು ನಮ್ಮ ಡ್ರೈವಿಂಗ್ ಮೇಷ್ಟ್ರ ವಾಸನೆ.

ಸಾಗರದಲ್ಲಿ ಅವರದೊಂದು ಡ್ರೈವಿಂಗ್ ಸ್ಕೂಲ್ ಇತ್ತು. ಸ್ಕೂಲ್ ಎಂದರೆ ಒಂದು ಮಡಚುವ ಕುರ್ಚಿ, ಒಂದು ಹಳೆಯ ಕಾರು, ಮತ್ತೆ ಅವರು. ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವರಾದರೂ ನನ್ನನ್ನು ‘ಸರ್’ ಎನ್ನುತ್ತಿದ್ದರು. ನಾನು ‘ಮೇಷ್ಟ್ರೇ’ ಎನ್ನುತ್ತಿದ್ದೆ. ಆಗ ನನ್ನ ಬಳಿ ಕಾರೂ ಇರಲಿಲ್ಲ, ಕೊಳ್ಳುವ ಯೋಚನೆಯೂ ಇರಲಿಲ್ಲ. ಬೆಳಗಿನ ಹೊತ್ತು ಮನೆಯಲ್ಲಿ ಒಬ್ಬನೇ ಇರಲಾಗುತ್ತಿರಲಿಲ್ಲ, ಅದಕ್ಕೆ ಸೇರಿಕೊಂಡಿದ್ದೆ.

ನಮ್ಮ ಮೊದಲ ಮಗು ಹುಟ್ಟುವಾಗಲೇ ತೀರಿಕೊಂಡಿತ್ತು. ಹೆಂಡತಿ ತೀರ್ಥಹಳ್ಳಿಯ ತವರಿನಲ್ಲಿದ್ದಳು. ಫೋನುಗಳೆಲ್ಲ ನನಗೇ ಬರುತ್ತಿದ್ದವು, ಎಲ್ಲವೂ ಅವಳನ್ನು ವಿಚಾರಿಸಲಿಕ್ಕೆ. ಅವಳು ಊಟ ಮಾಡುತ್ತಾಳಾ, ನಿದ್ದೆ ಬರುತ್ತದಾ, ನೀನು ಗಟ್ಟಿಯಾಗಿರು, ಗಂಡಸಾಗಿ ನೀನೇ ಕುಸಿದರೆ ಹೇಗೆ... ಯಾರದೂ ತಪ್ಪಲ್ಲ. ನಾನೂ ಗಟ್ಟಿಯಾಗಿಯೇ ಇದ್ದೆ. ಆಫೀಸಿಗೆ ಹೋಗುತ್ತಿದ್ದೆ, ಬೇರೆಯವರ ತಮಾಷೆಗೆ ನಗುತ್ತಿದ್ದೆ. ಆದರೆ ಅನ್ನ ಗಂಟಲಿನಿಂದ ಕೆಳಗಿಳಿಯುತ್ತಿರಲಿಲ್ಲ. ಇನ್ನೆಷ್ಟು ದಿನ ಹೀಗೆ ಬದುಕಿರಬೇಕೋ ಎಂಬ ಯೋಚನೆ ಆಗಾಗ ಬಂದು ಪಕ್ಕದಲ್ಲಿ ಕೂರುತ್ತಿತ್ತು.

ಮೇಷ್ಟ್ರು ಬಯ್ಯುವುದರಲ್ಲಿ ಧಾರಾಳಿ. ನಾನು ಗೇರ್ ಬದಲಾಯಿಸಿದಾಗಲೆಲ್ಲ ತಮ್ಮದೇ ಹಲ್ಲು ಕಿತ್ತಂತೆ ಮುಖ ಮಾಡುತ್ತಿದ್ದರು. ಬಯ್ದು ಮುಗಿದ ಮೇಲೆ, ಮನೆಯಲ್ಲಿ ಎಲ್ಲ ಆರಾಮಾ ಎಂದು ಕೇಳುವುದು ಅವರ ರೂಢಿ. ನಾನು ಆರಾಮು ಎನ್ನುತ್ತಿದ್ದೆ. ಹಾಗೆಂದ ಕೂಡಲೇ ಕ್ಲಚ್ ಮೇಲಿನ ಕಾಲು ತಪ್ಪಿ ಕಾರು ಜರ್ರೆಂದು ನಿಂತುಬಿಡುತ್ತಿತ್ತು. ಕೆಲವು ದಿನ ಅವರು ಸುಮ್ಮನೆ ನೋಡಿದರು. ಆಮೇಲೊಂದು ಬೆಳಿಗ್ಗೆ ಇದೇ ಕೆಳದಿ ರಸ್ತೆಯಲ್ಲಿ ಹೇಳಿದರು.

“ಬಾಯಿ ಆರಾಮು ಅಂತದೆ ಸರ್, ಕಾಲು ಬೇರೆ ಎಂತದೋ ಹೇಳ್ತದೆ.”

ನಾನು ಅವರ ಕಡೆ ತಿರುಗಿದೆ.

“ನನ್ನ ಮುಖ ನೋಡ್ಬೇಡಿ. ರಸ್ತೆ ನೋಡ್ಕಂಡು ಹೇಳಿ. ಬ್ರೇಕು ನನ್ನ ಕಾಲಡೀನೂ ಇದೆ.”

ನಿಜ, ಕಲಿಸುವ ಕಾರುಗಳಲ್ಲಿ ಎಡಗಡೆ ಕೂತವರಿಗೂ ಒಂದು ಬ್ರೇಕು ಇರುತ್ತದೆ. ನಾನು ಮತ್ತೆ ಗಾಡಿ ಚಾಲೂ ಮಾಡಿ, ರಸ್ತೆ ನೋಡುತ್ತ ಹೇಳಿದೆ. ಹೆಣ್ಣು ಮಗು ಎಂದೆ. ಒಮ್ಮೆ ಎತ್ತಿಕೊಂಡಿದ್ದೆ, ಭಾರ ಇತ್ತು ಎಂದೆ. ಆ ಭಾರದ ಬಗ್ಗೆ ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಆಮೇಲೆ ರಸ್ತೆ ಕಾಣಲಿಲ್ಲ. ಕಾರು ತನ್ನಷ್ಟಕ್ಕೆ ನಿಧಾನವಾಗಿ ಅಂಚಿಗೆ ಹೋಗಿ ನಿಂತಿತು. ಪಕ್ಕದಿಂದ ಬಲಗೈ ಚಾಚಿ ಸ್ಟೇರಿಂಗ್ ತಿರುಗಿಸಿ, ತಮ್ಮ ಕಾಲಡಿಯ ಬ್ರೇಕು ಒತ್ತಿದವರು ಮೇಷ್ಟ್ರು. ಸಮಾಧಾನ ಮಾಡಿಕೊಳ್ಳಿ ಎನ್ನಲಿಲ್ಲ, ಬೆನ್ನು ಸವರಲಿಲ್ಲ. ನಾನು ಅತ್ತು ಮುಗಿಸುವವರೆಗೆ ಎದುರಿನ ಗಾಜನ್ನೇ ನೋಡುತ್ತ ಕೂತಿದ್ದು, ಗಾಜು ಒರೆಸುವ ಹಳದಿ ಬಟ್ಟೆ ಕೊಟ್ಟರು. ಅದರಲ್ಲಿ ಮುಖ ಒರೆಸಿಕೊಂಡು ಮೂಗೆಲ್ಲ ಮಸಿಯಾಯಿತು.

“ಸರಿ, ಫಸ್ಟ್ ಗೇರ್ ಹಾಕಿ,” ಎಂದರು.

ಅಂದು ಮಧ್ಯಾಹ್ನ ನಾನು ಹೊಟ್ಟೆ ತುಂಬ ಊಟ ಮಾಡಿದೆ.

ತಮ್ಮ ವಿಚಾರವನ್ನು ಅವರು ಹೇಳಿದ್ದು ಒಂದೇ ಸಲ. ಅವರಿಗೊಬ್ಬ ಅಣ್ಣ ಇದ್ದರಂತೆ, ಹೊಸನಗರದಲ್ಲಿ. “ಕೇಳ್ದಾಗೆಲ್ಲ ಆರಾಮಿದೀನಿ ಅಂತಿದ್ದ. ಜೀವ ಕಳ್ಕಳೋ ಹಿಂದಿನ ದಿನಾನೂ ಅದನ್ನೇ ಅಂದ,” ಎಂದು ಹೇಳಿ, ಹಿಂದೆ ಬಸ್ಸು ಬರುತ್ತಿದೆ, ಕನ್ನಡಿ ನೋಡಿ ಎಂದು ಗದರಿದರು...

ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಅವರ ಸ್ಕೂಲಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಜೀವಮಾನವೆಲ್ಲ ಎಡಗಡೆ ಕೂತವರು ಅವರು. ಅವರನ್ನು ಬಲಗಡೆ ಕೂರಿಸಿ, ನೀವು ಹೇಳಿ ಮೇಷ್ಟ್ರೇ ಎಂದವರು ಯಾರಾದರೂ ಇದ್ದರೋ ಇಲ್ಲವೋ. ಅದೊಂದನ್ನು ನೆನೆದರೆ ಅವರು ಇನ್ನೊಂದೇ ಒಂದು ಬೆಳಿಗ್ಗೆ ಸಿಗಬಾರದಿತ್ತೇ ಎನಿಸುತ್ತದೆ.

ಹೆಂಡತಿಯ ತಮ್ಮ ನಮ್ಮಲ್ಲಿಗೆ ಬಂದು ತಿಂಗಳ ಮೇಲಾಯಿತು. ಮದುವೆ ಮುರಿದ ಮೇಲೆ ಅವನು ಮಾತು ಕಡಿಮೆ ಮಾಡಿದ್ದಾನೆ, ತಟ್ಟೆಯಲ್ಲಿ ಅನ್ನ ಬಿಡುತ್ತಾನೆ. ಏನು ಕೇಳಿದರೂ ಆರಾಮಿದೀನಿ ಭಾವ ಎನ್ನುತ್ತಾನೆ. ಕಾರು ಕಲಿ ಎಂದು ನಾನೇ ಹಟ ಹಿಡಿದು ಹೊರಡಿಸಿದ್ದು.

ನಿನ್ನೆ ವಾಸನೆ ಹೋಗುವವರೆಗೆ ಕಾದು ಮತ್ತೆ ಹೊರಟೆವು. ಸ್ವಲ್ಪ ದೂರ ಹೋದ ಮೇಲೆ, ರಾತ್ರಿ ನಿದ್ದೆ ಬರುತ್ತದಾ ಎಂದು ಕೇಳಿದೆ. ಆರಾಮು ಭಾವ ಎಂದ. ಕಾರು ಜರ್ರೆಂದು ನಿಂತಿತು. ನನ್ನ ಕಾಲು ತಾನಾಗಿ ಬ್ರೇಕು ಹುಡುಕಿತು, ಕೆಳಗೆ ಬರೀ ಮ್ಯಾಟು. ಅವನು ನನ್ನ ಕಡೆ ತಿರುಗಿದ, ಕಣ್ಣು ಕೆಂಪಾಗಿತ್ತು. ಮೇಷ್ಟ್ರೇ, ನಿಮ್ಮ ಕಾರಲ್ಲ ಇದು, ಈಗ ಏನು ಮಾಡಲಿ ಎಂದುಕೊಂಡೆ. ಆಮೇಲೆ ನಮ್ಮಿಬ್ಬರ ನಡುವೆ ಇದ್ದ ಹ್ಯಾಂಡ್‌ಬ್ರೇಕಿನ ಮೇಲೆ ಕೈ ಇಟ್ಟೆ.

“ನನ್ನ ನೋಡ್ಬೇಡ ಮಾರಾಯ,” ಎಂದೆ. “ರಸ್ತೆ ನೋಡ್ಕಂಡು ಹೇಳು. ನಾನು ಹಿಡ್ಕಂಡಿದೀನಿ.”