ಕಾಕಾ ಮತ್ತು ಚುಕ್ಕೆಯಿಲ್ಲದ ಪ್ರಶ್ನೆ

ಆ ವರ್ಷಗಳ ನನ್ನ ದಿನಚರಿ ಎರಡು ನೋಟುಬುಕ್ಕುಗಳಲ್ಲಿ ಉಳಿದಿದೆ. ಅದನ್ನು ಓದಿದಾಗಲೆಲ್ಲ ನನಗೆ ಒಂದೇ ಅನುಮಾನ: ನೆನಪಿನಲ್ಲಿ ನಾನು ಇಷ್ಟು ಜಾಣೆಯಾಗಿದ್ದೇನೆ, ಬರಹದಲ್ಲಿ ಯಾಕೆ ಇಷ್ಟು ಪೆದ್ದಿ? ಆದ್ದರಿಂದ ನೆನಪು, ದಿನಚರಿ ಎರಡನ್ನೂ ಎದುರಿಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅವೆರಡೂ ಜಗಳಕ್ಕೆ ನಿಂತಲ್ಲಿ ಹೇಳುತ್ತೇನೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಸೀಮೆ ಮುಂಬಯಿ ಬಿಟ್ಟು ಬೆಂಗಳೂರಿಗೆ ಸೇರಿ ಬಹಳ ದಿನವಾಗಿರಲಿಲ್ಲ. ಧಾರವಾಡದಲ್ಲಿ ಬಿ.ಎ. ಮುಗಿಸಿ ನಾನು ರೋಣಕ್ಕೆ ಮರಳಿದ್ದೆ. ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಊರಿನ ಪೇಟೆಯಲ್ಲಿ ಹತ್ತಿಯ ಅಡತಿ ವ್ಯಾಪಾರಿ. ಆ ಸಲದ ಚುನಾವಣೆಯಲ್ಲಿ ಗೆದ್ದು ಎಮ್ಮೆಲ್ಲೆ ಆಗಿದ್ದ. ಯಾಕೆ ನಿಂತ, ಹೇಗೆ ಗೆದ್ದ ಎಂಬುದು ಅವನಿಗೂ ಸರಿಯಾಗಿ ತಿಳಿದಂತಿರಲಿಲ್ಲ. ಇಪ್ಪತ್ತು ವರ್ಷ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹತ್ತಿಯ ಬೆಲೆ ಕಟ್ಟಿದ ಮನುಷ್ಯ. ಕೊಳ್ಳುವವನ ಬೆರಳು, ಮಾರುವವನ ಬೆರಳು, ಮೇಲೊಂದು ಟವೆಲ್ಲು. ಬಾಯಿ ಬಿಟ್ಟು ಬೆಲೆ ಹೇಳುವುದು ಆ ಪೇಟೆಯಲ್ಲಿ ಮರ್ಯಾದೆಯಲ್ಲ. ಅಂಥವನನ್ನು ಹಿಡಿದು ಬೆಂಗಳೂರಿನ ಕಲ್ಲಿನ ಸೌಧದಲ್ಲಿ ಕೂಡಿಸಿ, ಎಲ್ಲರ ಮುಂದೆ ಸರಕಾರವನ್ನು ಪ್ರಶ್ನೆ ಕೇಳು ಎಂದರೆ?

ಮೊದಲ ಅಧಿವೇಶನದಲ್ಲಿ ಅವನು ಬಾಯಿ ತೆರೆದದ್ದು ಆಕಳಿಸುವುದಕ್ಕೆ ಮಾತ್ರ. ಈ ಮಾತು ನನ್ನದಲ್ಲ, ಕಾಕುದು. ಕಾಕು ಅವನ ಹೆಂಡತಿ. ಅವಳು ಬೆಂಗಳೂರು ನೋಡಿರಲಿಲ್ಲ, ಕಾಕಾನನ್ನು ಮಾತ್ರ ಚೆನ್ನಾಗಿ ನೋಡಿದ್ದಳು.

ಎರಡನೆಯ ಅಧಿವೇಶನಕ್ಕೆ ಮುಂಚೆ ಅವನು ಒಂದು ದಪ್ಪ ನಿಯಮದ ಪುಸ್ತಕ ತಂದು ನನ್ನ ಮುಂದೆ ಇಟ್ಟ. "ತಂಗಿ, ನೀ ಬಿ.ಎ. ಓದೀದಿ. ಇದರಾಗ ಮಾತಾಡದ ಕೆಲಸಾ ಮಾಡೂ ದಾರಿ ಎಲ್ಲೆರೆ ಅದ ಏನ ನೋಡು."

ದಾರಿ ಇತ್ತು. ಪ್ರಶ್ನೆಗಳಲ್ಲಿ ಎರಡು ಜಾತಿ. ಚುಕ್ಕೆ ಇದ್ದದ್ದಕ್ಕೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಕೇಳಿದವರು ಮರುಪ್ರಶ್ನೆ ಹಾಕಬಹುದು. ಚುಕ್ಕೆ ಇಲ್ಲದ್ದಕ್ಕೆ ಉತ್ತರ ಬರವಣಿಗೆಯಲ್ಲೇ ಬರುತ್ತದೆ, ಯಾರೂ ಏಳಬೇಕಾಗಿಲ್ಲ. ಕಾಕಾನ ಮುಖ ಅರಳಿತು. "ಚುಕ್ಕಿ ಇಲ್ಲದ್ದ ಹಾಕು. ಟವೆಲ್ ಇದ್ದಂಗ ಅದ ಇದು."

ಹೀಗೆ ನಾನು ಸಂಬಳವಿಲ್ಲದ ಪ್ರಶ್ನೆಗಾರ್ತಿಯಾದೆ. ನಾನು ಬರೆದ ಮೊದಲ ಪ್ರಶ್ನೆ ಅಸೂಟಿಯ ರಸ್ತೆಯ ಬಗ್ಗೆ, ಒಂದೂವರೆ ಪುಟ. "ಅಕ್ಷಮ್ಯ" ಎಂಬ ಶಬ್ದ ಮೂರು ಸಲ ಇತ್ತು. ವಾದ, ಊಹೆ, ವಿಶೇಷಣ ಇರಕೂಡದು ಎಂಬ ಷರಾದೊಂದಿಗೆ ಅದು ವಿಧಾನಸಭೆಯ ಕಚೇರಿಯಿಂದ ಹಿಂದಕ್ಕೆ ಬಂತು. ಬಿ.ಎ.ದಲ್ಲಿ ನಾನು ಕಲಿತದ್ದೇ ಆ ಮೂರು. ಕಳೆದು ನೋಡಿದರೆ ನನ್ನ ಒಂದೂವರೆ ಪುಟದಲ್ಲಿ ಉಳಿದದ್ದು 'ರಸ್ತೆ ಕೆಟ್ಟಿರುವುದು ನಿಜವೇ?' ಎಂಬಂಥ ಎರಡು ಸಾಲು, ಮತ್ತು ಆ ಎರಡು ಸಾಲೇ ಚೆನ್ನಾಗಿದ್ದವು.

ಕಾಕಾನದು ಬೇರೆ ತಕರಾರು. "ಅಸೂಟಿ ರಸ್ತೆ ಕೆಟ್ಟದ ಅನ್ನೂದು ನನಗ ಗೊತ್ತದ. ಗೊತ್ತಿದ್ದದ್ದನ್ನ 'ನಿಜವೇ' ಅಂತ ಹ್ಯಾಂಗ ಕೇಳ್ಲಿ? ಸುಳ್ಳ ಹೇಳಿದಂಗ ಆಗ್ತದ."

"ನಿಮಗ ಗೊತ್ತದ ಕಾಕಾ, ಸರಕಾರಕ್ಕೂ ಗೊತ್ತದ ಅಂತ ಅದರ ಬಾಯಿಲೆ ಹೇಳಿಸೂದು."

"ಅಂದ್ರ ಮಾಸ್ತರು ಹುಡುಗರನ ಕೇಳಿದಂಗ."

"ಹೌದ್ರಿ."

"ಹುಡುಗ ನನಗಿಂತ ದೊಡ್ಡಾಂವ ಇದ್ದಾನಲ್ಲ!"

ಇನ್ನು ನನ್ನ ಸ್ವಂತದ್ದು. ನನಗೊಂದು ನೌಕರಿ ಬೇಕಾಗಿತ್ತು, ಬಹಳ ಬೇಕಾಗಿತ್ತು. ನರಗುಂದದ ಒಂದು ಮನೆಯಿಂದ ಸಂಬಂಧದ ಮಾತು ಬಂದಿತ್ತು. ದೀಪಾವಳಿಯೊಳಗೆ ನೌಕರಿ ಸಿಕ್ಕರೆ ಒಂದು ವರ್ಷ ಮದುವೆಯ ಮಾತು ಎತ್ತುವುದಿಲ್ಲ, ಸಿಗದಿದ್ದರೆ ಹೆಣ್ಣು ತೋರಿಸುವುದೇ ಎಂದು ಅಪ್ಪ ಹೇಳಿದ್ದ. ಕಾಕಾನನ್ನು ಕೇಳಿ ನೋಡಿದ್ದೆ. "ನಮ್ಮ ಮನಿ ಹುಡುಗಿಗೆ ನೌಕರಿ ಕೊಡ್ರಿ ಅಂತ ನಾ ಬಾಯಿ ತಗದ್ರ ನಾಳೆ ಅದನ್ನ ಗ್ವಾಡಿ ಮ್ಯಾಲೆ ಬರೀತಾರ" ಎಂದಿದ್ದ. ಅವನು ಹೇಳಿದ್ದು ಸರಿಯೇ. ಅದಕ್ಕೇ ಹೆಚ್ಚು ಸಿಟ್ಟು ಬಂದಿತ್ತು.

ಅಂಥ ದಿನಗಳಲ್ಲಿ ಗಜೇಂದ್ರಗಡದ ಒಬ್ಬ ನೇಕಾರ ಕಾಕಾನ ಅಂಗಡಿಗೆ ಬಂದ. ಸೀರೆ ನೇಯುವವನು. ಮಗಳು ಆರನೆಯ ಇಯತ್ತೆ. ಹೆಣ್ಣುಮಕ್ಕಳ ಸಾಲೆಯ ಮುಖ್ಯ ಅಕ್ಕೋರು ವರ್ಗವಾಗಿ ಹೋದಮೇಲೆ ಯಾರೂ ಬಂದಿಲ್ಲ; ಹಿರಿಯ ಹುಡುಗಿಯರನ್ನು ಗಂಡುಹುಡುಗರ ಸಾಲೆಗೆ ಕಳಿಸಿರಿ ಎನ್ನುತ್ತಾರೆ; ಓಣಿಯವರು ಯಾರೂ ಕಳಿಸುತ್ತಿಲ್ಲ.

"ಮತ್ತ ನಿನ್ನ ಮಗಳು?" ಎಂದ ಕಾಕಾ.

"ಮನ್ಯಾಗ ಕಂಡಿಕಿ ಸುತ್ತತಾಳ್ರಿ ಸಾವ್ಕಾರ್ರ. ನನಗೇನು, ನೂಲು ಸುತ್ತಾಕ ಒಬ್ಬರು ಬೇಕ ಬೇಕ್ರಿ. ಆದ್ರ ಸುತ್ತಕೋತ ಹದಿನೇಳರ ಮಗ್ಗಿ ಹೇಳತಾಳ್ರಿ. ನಾ ಎಳಿ ಎಣಸಕೋತ ಕುಂತಿರತೇನಿ. ಎಪ್ಪತ್ತೆರಡ ಅನ್ನೂದ್ರಾಗ ಆಕಿ ನೂರಾ ಹತ್ತೊಂಬತ್ತ ಅಂತಾಳ. ಒಂದ ಸೀರಿ ಅಂಚು ಕೆಟ್ಟೂ ಹೋತು. ಆಕಿನ್ನ ಸಾಲಿಗೆ ಕಳಸ್ರಿ, ಇಲ್ಲಾ ನನ್ನ ಕಳಸ್ರಿ."

ಕಾಕಾ ನಕ್ಕ. ನಾನು ನಗಲಿಲ್ಲ. ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು: ಒಂದು ಸ್ಥಾನ ಖಾಲಿ ಇದೆ. ಆ ದಿನದ ದಿನಚರಿಯಲ್ಲಿ "ನೇಕಾರರ ಹೆಣ್ಣುಮಕ್ಕಳ ಶಿಕ್ಷಣದ ಸ್ಥಿತಿ ಕೇಳಿ ಮನಸ್ಸು ಕಲಕಿತು" ಎಂದು ಬರೆದಿದ್ದೇನೆ. ಕಲಕಿದ್ದು ನಿಜ. ಯಾವುದಕ್ಕೆ ಎಂಬುದನ್ನು ದಿನಚರಿ ಹೇಳುವುದಿಲ್ಲ, ಯಾಕೆಂದರೆ ಬೀಗವಿಲ್ಲದ ಪೆಟ್ಟಿಗೆಯಲ್ಲಿ ಇಟ್ಟಿದ್ದೆ.

ಅಂದು ಸಂಜೆಯೇ ಪ್ರಶ್ನೆ ಬರೆದೆ. (ಅ) ಗಜೇಂದ್ರಗಡದ ಹೆಣ್ಣುಮಕ್ಕಳ ಶಾಲೆಯ ಮುಖ್ಯ ಅಧ್ಯಾಪಿಕೆಯ ಸ್ಥಾನ ಖಾಲಿ ಇರುವುದು ನಿಜವೇ? (ಆ) ನಿಜವಾಗಿದ್ದರೆ, ಎಂದಿನಿಂದ? (ಇ) ಅದನ್ನು ತುಂಬಲು ಅರ್ಜಿಗಳನ್ನು ಎಂದು ಕರೆಯಲಾಗುವುದು? ಒಂದೂ ವಿಶೇಷಣವಿಲ್ಲ. ಬಿಗಿಯಾಗಿ ನೇಯ್ದಂತಿತ್ತು.

ಕಾಕಾ ಓದಿಸಿ ಕೇಳಿ ಸಹಿ ಹಾಕಿದ. ರೊಟ್ಟಿ ಬಡಿಯುತ್ತಿದ್ದ ಕಾಕು ಒಳಗಿನಿಂದಲೇ ಕೇಳಿದಳು: "ಅ ಮತ್ತು ಆ ನೇಕಾರಂದು. ಇ ಯಾರದ ಬೇ?"

ನಾನು ಕೇಳಿಸದವಳಂತೆ ಹಾಳೆ ಮಡಚಿ ಲಕೋಟೆಗೆ ಹಾಕಿದೆ. ಸರಕಾರವೂ ಹೀಗೇ ಮಾಡುತ್ತಿದ್ದಿರಬೇಕು.

ನನ್ನ ಲೆಕ್ಕಾಚಾರ ಇಷ್ಟು. ಪ್ರಶ್ನೆ ವಿಧಾನಸಭೆಯ ಕಚೇರಿಗೆ ಹೋಗುತ್ತದೆ, ಅಲ್ಲಿಂದ ಇಲಾಖೆಗೆ, ಇಲಾಖೆಯಿಂದ ಜಿಲ್ಲೆಗೆ. ಸ್ಥಾನ ಖಾಲಿ ಇದೆ ಎಂದು ಸರಕಾರ ಒಪ್ಪಲೇಬೇಕು. ಒಪ್ಪಿದಮೇಲೆ ಅರ್ಜಿ ಕರೆಯಲೇಬೇಕು. ಕರೆದರೆ ರೋಣ ತಾಲೂಕಿನಲ್ಲಿ ಬಿ.ಎ. ಆದ ಹುಡುಗಿಯರು ಎಷ್ಟು ಜನ? ಅರ್ಜಿಯ ಒಕ್ಕಣೆಯನ್ನೂ ಮನಸ್ಸಿನಲ್ಲಿ ಬರೆದು ಮುಗಿಸಿದ್ದೆ. ಕಾಕಾನ ಬಾಯಿ ಹೊಲಸಾಗದೆ ನನ್ನ ಕೆಲಸ ಆಗುವ ಉಪಾಯ ಎಂದು ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು.

ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಹತ್ತಿ ಪೇಟೆಯ ಪದ್ಧತಿ.

ಹತ್ತು ದಿನ ಕಳೆದ ಮೇಲೆ ಕಾಕಾ ಬೇರೆ ಕೆಲಸಕ್ಕೆ ಧಾರವಾಡಕ್ಕೆ ಹೋಗಿ ಬಂದ. ಕೈಕಾಲು ತೊಳೆದು ಕುಳಿತವನೇ ಖುಷಿಯಿಂದ ಹೇಳಿದ: "ಶಿಕ್ಷಣಾಧಿಕಾರಿಗಳ ಕಡೆ ಹೋಗಿದ್ದೆ. ಭಾಳ ಚಲೋ ಮನಶ್ಯಾ. ಚಹಾ ಕುಡಿಸಿದ."

"ಯಾಕ ಹೋಗಿದ್ರಿ ಕಾಕಾ?"

"ಯಾಕಂದ್ರ? ಹೇಳಿ ಬರಾಕ. 'ಸಾಹೇಬ್ರ, ಗಜೇಂದ್ರಗಡದ ಸಾಲಿ ಬಗ್ಗೆ ಒಂದ ಪ್ರಶ್ನೆ ಕಳಿಸೇನ್ರಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ' ಅಂತ."

ನಾನು ಹಣೆ ಹಿಡಿದುಕೊಂಡೆ. "ಮೊದಲ ಯಾಕ ಹೇಳಿದ್ರಿ?"

"ಹತ್ತಿ ಅಂಡಿಗ್ಯಾಗ ಕಸಾ ಇದ್ರ ಮೊದಲ ಮಾಲಕನ ಕಿವ್ಯಾಗ ಹೇಳಬೇಕವ್ವ. ಪ್ಯಾಟ್ಯಾಗ ನಿಂತು ಒದರಬಾರದು. ಇಪ್ಪತ್ತ ವರ್ಷ ಹಂಗ ಮಾಡೇನಿ. ಯಾರೂ ಬೈದಿಲ್ಲ."

"ಮತ್ತ ಅವರೇನಂದ್ರು?"

"ಏನೂ ಅನ್ನಲಿಲ್ಲ. ಗಂಟಿ ಬಾರಿಸಿ ಕಾರಕೂನನ್ನ ಕರದ್ರು."

ಆ ಗಂಟೆಯ ಸದ್ದು ರೋಣದಲ್ಲಿ ಕುಳಿತ ನನಗೆ ಕೇಳಿಸಿತು. ಮುಂದಿನ ವಾರದೊಳಗೆ ಹಾನಗಲ್ಲ ಕಡೆಯ ಒಬ್ಬ ಅಕ್ಕೋರಿಗೆ ವರ್ಗದ ಆದೇಶ ಹೋಯಿತು: ಮೂರು ದಿನದಲ್ಲಿ ಗಜೇಂದ್ರಗಡದಲ್ಲಿ ಹಾಜರಾಗತಕ್ಕದ್ದು. ಪ್ರಶ್ನೆಗೆ ಉತ್ತರ ಬಂದದ್ದು ಆಮೇಲೆ, ನಿಧಾನವಾಗಿ, ಸೊಗಸಾದ ಅಕ್ಷರಗಳಲ್ಲಿ ಟೈಪಾಗಿ: "(ಅ) ಇಲ್ಲ. (ಆ) ಮತ್ತು (ಇ) ಉದ್ಭವಿಸುವುದಿಲ್ಲ."

ಕಾಕಾ ಆ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇಷ್ಟ ಏನು?"

"ಇಷ್ಟರಿ."

"ನಾ ಸುಳ್ಳ ಕೇಳಿದಂಗ ಆತಲ್ಲ."

"ನೀವು ಕೇಳಿದಾಗ ಖರೇ ಇತ್ತು ಕಾಕಾ. ಉತ್ತರ ಬರೂದ್ರಾಗ ಸುಳ್ಳ ಆತು."

ಆಗ ನನಗೆ ಅರ್ಥವಾದದ್ದು ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ. ಸರಕಾರ ಉತ್ತರ ಕೊಡುವುದರಿಂದ ಕೆಲಸ ಆಗುವುದಿಲ್ಲ. ಉತ್ತರ ಕೊಡಬೇಕಾಗುತ್ತದೆ ಎಂಬ ಅಂಜಿಕೆಯಿಂದ ಆಗುತ್ತದೆ. ಪ್ರಶ್ನೆ ಹೊರಟ ದಿನಕ್ಕೂ ಉತ್ತರ ಬರುವ ದಿನಕ್ಕೂ ನಡುವೆ ಯಾವನೋ ಕಾರಕೂನ ಓಡುತ್ತಾನಲ್ಲ, ಆ ಓಟವೇ ಪ್ರಜಾಪ್ರಭುತ್ವ. ಇದು ಆಗ ಅರ್ಥವಾಯಿತೋ, ನಲವತ್ತು ವರ್ಷ ಬಿಟ್ಟೋ, ಖಾತ್ರಿಯಿಲ್ಲ. ದಿನಚರಿಯಲ್ಲಿ ಆ ದಿನ ಬರೆದದ್ದು: "ತಲೆನೋವು."

ಕಾಕಾನ ಜೊತೆ ಒಮ್ಮೆ ಗಜೇಂದ್ರಗಡಕ್ಕೆ ಹೋದಾಗ ಸಾಲೆಗೂ ಹೋದೆ. ನೇಕಾರನ ಮಗಳು ಮುಂದಿನ ಸಾಲಿನಲ್ಲಿ ಕುಳಿತು ಹತ್ತೊಂಬತ್ತರ ಮಗ್ಗಿಗೆ ಬಂದಿದ್ದಳು. ಹೊಸ ಅಕ್ಕೋರು ಗಟ್ಟಿ ಹೆಂಗಸು. ಕಾಕಾ ಹೊರಗೆ ಮಂದಿಯ ಜೊತೆ ಮಾತಾಡುತ್ತಿದ್ದ. ಅವರು ನನ್ನನ್ನು ಒಳಗೆ ಕೂಡಿಸಿಕೊಂಡು ನಿಟ್ಟುಸಿರು ಬಿಟ್ಟರು: "ಅಲ್ಲಿ ನಮ್ಮ ಮನಿ ಮುಂದನ ಕೆರಿ ಇತ್ರಿ. ಇಲ್ಲಿ ಬರೇ ಗುಡ್ಡ. ಯಾವನೋ ಎಮ್ಮೆಲ್ಲೆ ಪ್ರಶ್ನೆ ಕೇಳಿದನಂತ. ಕೇಳಿದಾಂವಗ ಮಾಡಾಕ ಬ್ಯಾರೆ ಉದ್ಯೋಗ ಇದ್ದಿಲ್ಲೇನ್ರಿ?"

"ಇದ್ದಿಲ್ಲ ಕಾಣತದ್ರಿ," ಎಂದೆ. ಅಷ್ಟಂತೂ ನಿಜ. ಉದ್ಯೋಗ ಇದ್ದಿದ್ದರೆ ನಾನು ಆ ಪ್ರಶ್ನೆ ಬರೆಯುತ್ತಿರಲಿಲ್ಲ.

ಹುಡುಗಿಯನ್ನು ನೋಡಿ ಸಂತೋಷವಾಯಿತು ಎಂದು ದಿನಚರಿ ಹೇಳುತ್ತದೆ. ನೆನಪು ಹೇಳುವುದು ಬೇರೆ: ನಾನು ಅಕ್ಕೋರ ಕುರ್ಚಿಯನ್ನು ನೋಡುತ್ತಿದ್ದೆ. ಅದರ ಒಂದು ಕಾಲು ಗಿಡ್ಡವಾಗಿತ್ತು. ಅದಕ್ಕೆ ಹಂಚಿನ ಚೂರು ಕೊಟ್ಟಿದ್ದರು. ಇಷ್ಟು ವಿವರ ನೆನಪಿರಬೇಕಾದರೆ ಸಂತೋಷ ಅಷ್ಟೇನೂ ಇದ್ದಿರಲಾರದು.

ದೀಪಾವಳಿ ಬಂತು, ಹೋಯಿತು. ನರಗುಂದದವರು ನೋಡಲು ಬಂದರು: ಹುಡುಗ, ಅವನ ಅಪ್ಪ, ಅವ್ವ. ಹುಡುಗ ಅಲ್ಲಿಯ ಸರಕಾರಿ ಕಚೇರಿಯೊಂದರಲ್ಲಿ ಕಾರಕೂನ. ಕಾರಕೂನ! ಕಾಕು ನನ್ನ ಕೈಗೆ ಅವಲಕ್ಕಿ ತಾಟು ಕೊಡುತ್ತ, "ನಿನ್ನ ಪ್ರಶ್ನೆಗೆ ಓಡ್ಯಾಡೂ ಪೈಕಿ ಅದಾನ ಬೇ" ಎಂದು ಕಿವಿಯಲ್ಲಿ ನಕ್ಕಳು.

ಹುಡುಗನ ಅಪ್ಪ ಶುರು ಮಾಡಿದರು. "ಅಡಗಿ ಬರ್ತದೇನವಾ?"

"ಹೌದ್ರಿ."

"ಹಾಡು?"

"ಇಲ್ರಿ."

"ಒಂದೆರಡರೆ ದೇವರ ಹಾಡು?"

"ಉದ್ಭವಿಸೂದಿಲ್ರಿ."

ಅಪ್ಪನ ಮುಖ ಕಪ್ಪಾಯಿತು. ಕಾಕಾ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡ. ತಲೆ ಬಗ್ಗಿಸಿ ಕುಳಿತಿದ್ದ ಹುಡುಗ ಮಾತ್ರ ಫಕ್ಕನೆ ನಕ್ಕುಬಿಟ್ಟ. ಅವನು ದಿನಾ ಬರೆಯುವ ಶಬ್ದ ಅದು. ನಾನು ಇದನ್ನು ನಿಜಕ್ಕೂ ಹೇಳಿದೆನೇ? ದಿನಚರಿಯಲ್ಲಿ "ನರಗುಂದದವರು ಬಂದಿದ್ದರು. ಅವಲಕ್ಕಿ" ಎಂದಷ್ಟೇ ಇದೆ. ಕಾಕು ಈ ಕತೆಯನ್ನು ಎಷ್ಟು ಸಲ ಹೇಳಿದ್ದಾಳೆಂದರೆ, ನನ್ನ ನೆನಪು ಅವಳ ಬಾಯಿಂದ ಬಂದದ್ದೂ ಆಗಿರಬಹುದು.

ಆದರೆ ಮುಂದಿನದಕ್ಕೆ ಸಾಕ್ಷಿ ಇದೆ. ಹೋಗುವಾಗ ಹುಡುಗನ ಅಪ್ಪ, "ನೀ ಏನರೆ ಕೇಳೂದದ ಏನವಾ?" ಎಂದರು. ಕೇಳುವುದಿತ್ತು, ಆದರೆ ಅಷ್ಟು ಮಂದಿಯ ಮುಂದೆ ಬಾಯಿ ಬಿಟ್ಟು ಕೇಳುವುದು ನನ್ನಿಂದ ಆಗಲಿಲ್ಲ. ಕಾಕಾನ ರಕ್ತವೇ ತಾನೇ. "ಬರದ ಕಳಸತೇನ್ರಿ," ಎಂದೆ. ಮರುದಿನ ಕಾಕಾ ಪೇಟೆಗೆ ಹೊರಟಾಗ ಅವನ ಕೈಯಲ್ಲೇ ಒಂದು ಕಾರ್ಡು ಅಂಚೆಗೆ ಹಾಕಿಸಿದೆ. ಅವನು ದಾರಿಯಲ್ಲಿ ಓದಿದನೆಂದು ಆಮೇಲೆ ಗೊತ್ತಾಯಿತು. (ಅ) ಮದುವೆಯ ನಂತರ ನಾನು ನೌಕರಿ ಮಾಡಲು ಮನೆಯವರ ಒಪ್ಪಿಗೆ ಇದೆಯೇ? (ಆ) ಇದ್ದರೆ, ಎಂದಿನಿಂದ? (ಇ) ಇಲ್ಲದಿದ್ದರೆ, ಕಾರಣಗಳೇನು?

ಹದಿನೈದು ದಿನ ಉತ್ತರ ಬರಲಿಲ್ಲ. ಆ ಹದಿನೈದು ದಿನ ನರಗುಂದದ ಮನೆಯಲ್ಲಿ ಯಾರು ಯಾರ ಹಿಂದೆ ಓಡಿದರೋ ನನಗೆ ಗೊತ್ತಿಲ್ಲ. ಅತ್ತೆಯವರು ಕಡೆಯವರೆಗೂ ಹೇಳಲಿಲ್ಲ. ಆಮೇಲೆ ಹುಡುಗನ ಕೈಬರಹದ ಕಾರ್ಡು ಬಂತು. ಕಚೇರಿಯ ಅಂಚು ಬಿಟ್ಟು, ಸಾಲು ನೆಟ್ಟಗೆ ಹಿಡಿದು ಬರೆದದ್ದು:

"(ಅ) ಇದೆ. (ಆ) ಇಲ್ಲಿಯ ಸಾಲೆಯಲ್ಲಿ ಒಂದು ಸ್ಥಾನ ಖಾಲಿಯಾಗಿದೆ. ಅರ್ಜಿಯ ನಮೂನೆಯನ್ನು ಬೇರೆ ಲಕೋಟೆಯಲ್ಲಿ ಕಳಿಸಿದ್ದೇನೆ. ಲಗೂ ತುಂಬಿ ಕಳಿಸಬೇಕು. ಈ ಬಗ್ಗೆ ನಿಮ್ಮ ಕಾಕಾ ಅವರು ಯಾರಿಗೂ ಮುಂಚಿತವಾಗಿ ಹೇಳಬಾರದಾಗಿ ವಿನಂತಿ. (ಇ) ಉದ್ಭವಿಸುವುದಿಲ್ಲ."

ಕಾಕಾ ಧಾರವಾಡದಲ್ಲಿ ಮೊದಲೇ ಹೇಳಿ ಬಂದ ಕತೆ ಕಾರಕೂನರ ಬಾಯಿಂದ ಬಾಯಿಗೆ ನರಗುಂದದ ಕಚೇರಿಗೂ ಮುಟ್ಟಿತ್ತಂತೆ. ಕಾರ್ಡು ಈಗಲೂ ಇದೆ. ನೌಕರಿ ಸಿಕ್ಕಿತು, ಮದುವೆ ಆಮೇಲಾಯಿತು. ಅರ್ಜಿ ಹಾಕಿದ್ದು ಕಾಕಾನಿಗೆ ಗೊತ್ತಾದದ್ದು ನಾನು ಹಾಜರಾದ ಮೇಲೆ.