ಮಾತು ಬಿಟ್ಟ ಜಡೆಮ್ಮ

ತಾಳಮಲೆಯ ಜಡೆಮ್ಮನ ಬಾಯಿ ಮುಚ್ಚಿಸುವವರು ಇನ್ನೂ ಹುಟ್ಟಿಲ್ಲ ಎಂದು ಊರೆಲ್ಲ ನಗುತ್ತಿತ್ತು. ಕಡೆಗೆ ಮುಚ್ಚಿಸಿದ್ದು ಕೆಮ್ಮು. ಹಾಳಾದ್ದು, ಕಫವಿಲ್ಲ, ಜ್ವರವಿಲ್ಲ, ಬರೀ ಒಣ ಕೆಮ್ಮು. ಶುಂಠಿ ಕಷಾಯಕ್ಕೂ ಜಗ್ಗಲಿಲ್ಲ, ಜೇನಿಗೂ ಜಗ್ಗಲಿಲ್ಲ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಕ್ಷಯವಲ್ಲ ಎಂದರೂ ಅವಳಿಗೆ ನಂಬಿಕೆ ಬರಲಿಲ್ಲ. ಬಾಣಂತನಕ್ಕೆ ಬಂದಿದ್ದ ಮಗಳು ಭಾಗ್ಯಳ ಕೂಸನ್ನು ಎತ್ತಿಕೊಳ್ಳಲು ಕೈ ಚಾಚುವಳು, ಗಂಟಲು ಕೆರೆದೊಡನೆ ಜಗಲಿಗೆ ಓಡುವಳು. ಆ ಮನೆಯ ಪದ್ಧತಿಯಲ್ಲಿ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಕರೆಯಬೇಕಾದವಳು ತಾಯಿಯ ತಾಯಿ. ಆ ದಿನ ಹತ್ತಿರವಾದಂತೆ ಜಡೆಮ್ಮನಿಗೆ ಊಟವೇ ಸೇರದಾಯಿತು.

ತಮಿಳುನಾಡಿನ ಗಡಿಯ ತಾಳವಾಡಿ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ, ಅವಳು ದಿನಾ ನುಂಗುತ್ತಿದ್ದ ಬೀಪಿ ಮಾತ್ರೆ ತೆಗೆಸಿ ನೋಡಿದರು. ಮಾಸ್ಕಿನೊಳಗಿಂದಲೇ ತಮಿಳಿನಲ್ಲಿ ಏನೋ ಹೇಳಿ, ಮುಂದಿನ ವಾರ ಬರಲು ಹೇಳಿದರು. ಮನೆಗೆ ಬಂದ ಜಡೆಮ್ಮ ತುಟಿ ಬಿಚ್ಚಲಿಲ್ಲ. ಎಲ್ಲ ಕೈಸನ್ನೆ. ಒಳಗೆ ನುಗ್ಗಿದ ಕೋಳಿಯನ್ನೂ ಬೈಯಲಿಲ್ಲ. ಗಂಡ ಸಿದ್ದಪ್ಪನಿಗೆ ಮೊದಲ ದಿನ ಹಾಯೆನಿಸಿತು, ಸುಳ್ಳೇಕೆ. ಆಮೇಲೆ ತಡೆಯಲಾಗಲಿಲ್ಲ.

“ಅದೇನಂದ್ರು ಏಳಮ್ಮಿ. ನಿನ್ ಮಾತಿಲ್ದೆ ಮನೆ ಬಿಕೋ ಅಂತದೆ.”

“ಮಾತ ಬುಡ್ಬೇಕಂತೆ,” ಎಂದು ಪಿಸುಗುಟ್ಟಿದಳು. “ಮಗಿಗೆ ಎಸ್ರು ಕರೆಯಕಾದ್ರೂ ಗಂಟ್ಲು ಉಳೀಲಿ.”

ಮುಂದಿನ ವಾರ ಅವನೂ ಜೊತೆಗೆ ಹೋಗಿ ಡಾಕ್ಟರಮ್ಮನಿಗೆ ಇದನ್ನೇ ಹೇಳಿದ. ಆಕೆಗೆ ನಗು ತಡೆಯುವುದೇ ಕಷ್ಟವಾಯಿತು. ತಾವು ಹೇಳಿದ್ದು “ಮಾತ್ರೆಯ ಮಾತ್ತಣುಂ” ಎಂದು. ತಮಿಳಿನ ಮಾತ್ತು ಎಂದರೆ ಬದಲಾಯಿಸು. ಜಡೆಮ್ಮನ ಕಿವಿಗೆ ಬಿದ್ದದ್ದು ಬರೀ ಮಾತು, ಬಿಡಬೇಕೆಂಬುದನ್ನು ಅವಳೇ ಸೇರಿಸಿಕೊಂಡಿದ್ದಳು. ಮಾಸ್ಕು ಇಳಿಸಿ, ಜಡೆಮ್ಮನ ಕೈ ಹಿಡಿದುಕೊಂಡು ತಮಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ ಬಿಡಿಸಿ ಹೇಳಿದರು. ಕೆಮ್ಮೆಲ್ಲ ಎದೆಯ ಕಾಯಿಲೆಯಲ್ಲ, ಕೆಲವರಿಗೆ ಆ ಬೀಪಿ ಮಾತ್ರೆಯೇ ಗಂಟಲ ನರವನ್ನು ಕೆರಳಿಸುತ್ತದೆ, ಕಳೆದ ವಾರ ಇಲ್ಲದಿದ್ದ ಬೇರೆ ಮಾತ್ರೆ ಈಗ ಬಂದಿದೆ, ಈ ಕೆಮ್ಮು ಕೂಸಿಗೆ ಅಂಟುವುದಿಲ್ಲ. ಜಡೆಮ್ಮ ಅಲ್ಲೇ ಅತ್ತುಬಿಟ್ಟಳು.

ಹೊಸ ಮಾತ್ರೆ ನುಂಗಿದೊಡನೆ ಕೆಮ್ಮು ಓಡಿಹೋಗಲಿಲ್ಲ. ಕೆಲವು ವಾರ ಸತಾಯಿಸಿ ಮೆಲ್ಲಗೆ ಇಳಿಯಿತು. ಹೆಸರಿಡುವ ದಿನ ಜಡೆಮ್ಮ ತೊಟ್ಟಿಲ ಮೇಲೆ ಬಾಗಿದಳು. “ಮೇಘಾ,” ಎಂದಳು. ಗಂಟಲು ಕೆರೆಯಲಿಲ್ಲ.

ಹೆಸರು ಕರೆದದ್ದಾಯಿತು, ಅವಳು ಮಾತ್ರ ಮೇಲೇಳಲಿಲ್ಲ. ಕೋಳಿಯ ಮೇಲಿನ ದೂರು, ತಾತನ ಗೊರಕೆ, ಕಟ್ಟಿಟ್ಟಿದ್ದೆಲ್ಲವನ್ನೂ ಆ ಪುಟ್ಟ ಕಿವಿಗೆ ಸುರಿಯುತ್ತಲೇ ಇದ್ದಳು. ಬಂದವರಿಗೆ ಊಟಕ್ಕೆ ಹೊತ್ತಾಯಿತೆಂದು ಭಾಗ್ಯ ಎಬ್ಬಿಸಲು ಹೋದಳು. ಸಿದ್ದಪ್ಪ ಮಗಳ ಕೈ ಹಿಡಿದು ನಿಲ್ಲಿಸಿದ.

“ಬುಡವ್ವ,” ಎಂದ, ಕಣ್ಣೊರೆಸಿಕೊಳ್ಳುತ್ತ. “ಆಡ್ಲಿ.”